ಹೇಮಾವತಿ ಸೀಮೆಗೆ ಬಂದ ಕ್ಯಾಮೆರಾ

(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮುಂಬಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಅದಾಗಿ ಇಪ್ಪತ್ತು ತಿಂಗಳಿಗೆ, 1854ರ ಡಿಸೆಂಬರಿನಲ್ಲಿ, ಕ್ಯಾಮೆರಾ ಬೇಲೂರು ಹಳೇಬೀಡುಗಳಿಗೆ ಬಂದಿತ್ತು. ರೈಲು ಮಾತ್ರ ಅಷ್ಟು ಬೇಗ ಬರಲಿಲ್ಲ. ಅರಸೀಕೆರೆಯ ಮೇಲೆ ಹಾದುಹೋಗುವ ಬೆಂಗಳೂರು–ಹರಿಹರ ಮಾರ್ಗ ಪೂರ್ತಿಯಾದದ್ದು 1889ರಲ್ಲಿ. ಹೊಸ ಕಾಲದ ಎರಡು ಯಂತ್ರಗಳಲ್ಲಿ ಒಂದು ಇನ್ನೊಂದಕ್ಕಿಂತ ಮೂವತ್ತೈದು ವರ್ಷ ಮೊದಲೇ ನಮ್ಮ ಜಿಲ್ಲೆಗೆ ಕಾಲಿಟ್ಟಿತು. ಚಿತ್ರ ತೆಗೆಯುವ ಪೆಟ್ಟಿಗೆ ಮೊದಲು ಬಂತು. ಚಿತ್ರ ತೆಗೆಯಬೇಕಾದ ದೊಡ್ಡ ಕಾಮಗಾರಿಗಳು ಆಮೇಲೆ ಬಂದವು. ಆ ಪೆಟ್ಟಿಗೆ ಇಲ್ಲಿ ಯಾವುದರ ಕಡೆಗೆ ಕಣ್ಣು ತಿರುಗಿಸಿತು, ಯಾವುದನ್ನು ನೋಡದೆ ಹೋಯಿತು ಎನ್ನುವುದೇ ಇವತ್ತಿನ ನನ್ನ ವಿಷಯ.

ಡಿಸೆಂಬರಿನಲ್ಲಿ ಬಂದವನ ಹೆಸರು ಲಿನಿಯಸ್ ಟ್ರೈಪ್. ಮದರಾಸು ಸೈನ್ಯದ ಅಧಿಕಾರಿ, ಬೆಂಗಳೂರು ದಂಡಿನವನು. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಛಾಯಾಗ್ರಹಣ ಕಲಿತು, 1853ರಲ್ಲಿ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿಯ ಸದಸ್ಯನಾಗಿ, ಮರುವರ್ಷ ಬೆಂಗಳೂರಿಗೆ ಮರಳಿದ. ಯಾರೂ ಹೇಳದೆ, ಸ್ವಂತ ಆಸಕ್ತಿಯಿಂದ ಹೊಯ್ಸಳ ಗುಡಿಗಳ ಚಿತ್ರ ತೆಗೆಯಲು ಈ ಕಡೆ ಬಂದ. 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಆತ ಇಟ್ಟ 68 ಚಿತ್ರಗಳನ್ನು ತೀರ್ಪುಗಾರರು ಬಹುವಾಗಿ ಮೆಚ್ಚಿದರು. ಮುಂದೆ ಬರ್ಮಾ ದೇಶಕ್ಕೆ ಹೋದ ರಾಯಭಾರದ ಜೊತೆ ಹೋಗಿ ಬಂದು, 1857ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನೇ ಆದ. ಆದರೆ ಈ ದೇಶದಲ್ಲಿ ಆತನ ಕೆಲಸ ಶುರುವಾದದ್ದು ನಮ್ಮ ಹೊಯ್ಸಳ ಗುಡಿಗಳ ಬಳಪದ ಕಲ್ಲಿನ ಮುಂದೆ.

ಆ ಕೆಲಸ ಎಷ್ಟು ಕಷ್ಟದ್ದೆಂದು ಇಲ್ಲಿ ಕುಳಿತ ಎಳೆಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಟ್ರೈಪ್ ಬಳಸಿದ್ದು ಕಾಗದದ ನೆಗೆಟಿವ್. ಒಳ್ಳೆಯ ಬರಹದ ಕಾಗದಕ್ಕೆ ಮೇಣ ಸವರಿ, ಅಯೊಡೈಡ್ ದ್ರಾವಣದಲ್ಲಿ ನೆನೆಸಿ, ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಿ, ಬೆಳಕು ಬೀಳದ ಕಡೆ ಇಟ್ಟು, ಕ್ಯಾಮೆರಾಕ್ಕೆ ಹಾಕಬೇಕು. ದೊಡ್ಡದು ಮಾಡುವ ವಿದ್ಯೆ ಆಗ ಬಳಕೆಯಲ್ಲಿರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ನೆಗೆಟಿವ್ ಬೇಕು, ಅದಕ್ಕೆ ತಕ್ಕ ಗಾತ್ರದ ಪೆಟ್ಟಿಗೆ ಬೇಕು. ಅದನ್ನು ಹೊತ್ತ ಎತ್ತಿನ ಗಾಡಿ, ಜಾಡಿಗಳು, ತಟ್ಟೆಗಳು, ಸೋಸಿದ ನೀರು, ಕತ್ತಲ ಡೇರೆ, ಇವೆಲ್ಲ ಸೇರಿ ಒಂದು ಸಣ್ಣ ದಂಡೇ ಹೊರಡಬೇಕು. ಬಿಸಿಲೇರಿದರೆ ಮೇಣ ಮೆತ್ತಗಾಗುತ್ತದೆ. 1851ರಲ್ಲಿ ಬಳಕೆಗೆ ಬಂದ ಗಾಜಿನ ಮೇಲಿನ ಕೊಲೋಡಿಯನ್ ವಿಧಾನ ಇನ್ನೂ ಚುರುಕಾದದ್ದು, ಇನ್ನೂ ನುಣುಪಾದದ್ದು. ಆದರೆ ಗಾಜಿನ ಮೇಲಿನ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಅಲ್ಲೇ ತೊಳೆದು ಮುಗಿಸಬೇಕಿತ್ತು. ದೂರದ ಊರಿಗೆ ಹೋಗುವವನಿಗೆ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದಾದ ಮೇಣದ ಕಾಗದವೇ ಅನುಕೂಲ.

ಆ ಕಾಲದ ರಾಸಾಯನಿಕಗಳು ನೀಲಿ ಬೆಳಕಿಗೆ ಬೇಗ ಮಣಿಯುತ್ತಿದ್ದವು, ಕೆಂಪಿಗೆ ಮಣಿಯುತ್ತಿರಲಿಲ್ಲ. ಅದರಿಂದ ಆಕಾಶ ಬರಿಯ ಬಿಳಿಯಾಗಿ ಬರುತ್ತಿತ್ತು. ಟ್ರೈಪ್ ಎಷ್ಟೋ ನೆಗೆಟಿವ್‌ಗಳ ಮೇಲೆ ಕೈಯಿಂದಲೇ ಮೋಡ ಬರೆದ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತಿನಲ್ಲಿ ಕ್ಯಾಮೆರಾದ ಮುಂದೆ ಯಾರು ನಡೆದರೂ, ದನ ಹೊಡೆದುಕೊಂಡು ಹೋದರೂ, ಬಿಂದಿಗೆ ಹೊತ್ತು ಹಾದರೂ ಅವರ ಗುರುತು ಕಾಗದದ ಮೇಲೆ ಉಳಿಯುತ್ತಿರಲಿಲ್ಲ. ನೂರಾರು ಜನ ಓಡಾಡುವ ಜಾಗವೂ ಆ ಚಿತ್ರಗಳಲ್ಲಿ ಹಾಳು ಸುರಿದಂತೆ ಕಾಣುವುದು ಈ ಕಾರಣಕ್ಕೆ. ಹಳೇಬೀಡು ಬರೀ ಪಾಳು ಎಂದು ದೂರದ ಓದುಗರು ತಿಳಿದುಕೊಂಡಿದ್ದರೆ ಅದರಲ್ಲಿ ರಾಸಾಯನಿಕಗಳ ಪಾಲೂ ಇದೆ. ಅಲ್ಲಿ ಊರಿತ್ತು, ಕೆರೆಯಿತ್ತು, ಕೆರೆಯ ಕೆಳಗೆ ಗದ್ದೆಯಿತ್ತು.

ಟ್ರೈಪ್‌ನ ಕಾಲದಲ್ಲೇ ಸೈನ್ಯದ ವೈದ್ಯ ನೀಲ್ ಈ ಗುಡಿಗಳ ಚಿತ್ರ ತೆಗೆದ. 1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನಲ್ಲಿ ಕೆಲಸ ಮಾಡಿ, 1859ರಲ್ಲಿ 56 ಛಾಯಾಚಿತ್ರಗಳ ಒಂದು ಸಂಪುಟವನ್ನು ಲಂಡನ್ನಿನಲ್ಲಿ ಹೊರತಂದ. ಒಂದೇ ಊರಿನ ಗುಡಿಯ ಬಗ್ಗೆ ಅಷ್ಟು ಹಿಂದೆ ಒಂದು ಇಡೀ ಛಾಯಾಚಿತ್ರ ಸಂಪುಟ ಬಂದದ್ದು ಜಗತ್ತಿನಲ್ಲಿ ಹೆಚ್ಚು ಊರುಗಳಿಗೆ ಸಿಕ್ಕ ಭಾಗ್ಯವಲ್ಲ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಸಂಪುಟ ಬಂತು. ಪಿಗೌ, ನೀಲ್, ಬಿಗ್ಸ್ ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರ್, ಜೇಮ್ಸ್ ಫರ್ಗುಸನ್ ಬರಹ ಕೊಟ್ಟರು. ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು ಬರೆದ ಇದೇ ಫರ್ಗುಸನ್ ಹೊಯ್ಸಳೇಶ್ವರ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಜೊತೆಗಿಟ್ಟು ತೂಗಿದ. ಆ ತಕ್ಕಡಿಗೆ ಕಲ್ಲು ಒದಗಿಸಿದ್ದು ಈ ಛಾಯಾಚಿತ್ರಗಳು.

ಹಳೇಬೀಡಿನ ಕೇದಾರೇಶ್ವರ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಈಗ ಅದಕ್ಕೆ ಶಿಖರವಿಲ್ಲ. ಆ ಕಾಲದ ಚಿತ್ರದಲ್ಲಿ ಶಿಖರವಿದೆ, ಶಿಖರದ ಸಂದಿಗಳಲ್ಲಿ ಬೇರುಬಿಟ್ಟ ಗಿಡಮರಗಳೂ ಇವೆ. ಯಾವ ಬೇರು ಯಾವ ಕಲ್ಲನ್ನು ದೂಡುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದು. ಬೇರು ಗುಡಿಯನ್ನು ಸೀಳುತ್ತಿದೆ ಎಂದು ಫರ್ಗುಸನ್ ಅಚ್ಚಿನಲ್ಲೇ ಎಚ್ಚರಿಸಿದ. ಮರ ಕಡಿಯುವ ಕೆಲಸ ಹೊತ್ತಿಗೆ ಸರಿಯಾಗಿ ಆಗಲಿಲ್ಲ, ಶಿಖರ ಬಿತ್ತು. ಚಿತ್ರ ತೆಗೆದರೆ ಸಾಲದು, ಚಿತ್ರ ನೋಡಿ ಕೆಲಸ ಮಾಡುವವರೂ ಬೇಕು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ನೋವಿನ ಸಾಕ್ಷಿ ನನಗೆ ಕಾಣದು.

ಇತ್ತ ಇದು ನಡೆಯುತ್ತಿದ್ದಾಗ ಯೂರೋಪಿನಲ್ಲಿ ಕ್ಯಾಮೆರಾ ಇನ್ನೊಂದು ದಾರಿ ಹಿಡಿದಿತ್ತು. ರಷ್ಯಾ ಸಾಮ್ರಾಜ್ಯದ ಕೀವ್ ನಗರದಲ್ಲಿ ನೀಪರ್ ನದಿಗೆ ಚಾರ್ಲ್ಸ್ ವಿನ್ಯೋಲ್ಸ್ ಎಂಬ ಎಂಜಿನಿಯರು ಸರಪಳಿ ಸೇತುವೆ ಕಟ್ಟಿಸುತ್ತಿದ್ದ. 1852ರಲ್ಲಿ ರೋಜರ್ ಫೆಂಟನ್ ಅಲ್ಲಿಗೆ ಹೋಗಿ, ಮುಗಿದ ಸೇತುವೆಯದಲ್ಲ, ಕಟ್ಟುತ್ತಿದ್ದ ಸೇತುವೆಯ ಚಿತ್ರ ತೆಗೆದ. ಅದೇ ವರ್ಷ ಲಂಡನ್ನಿನ ಗಾಜಿನ ಅರಮನೆಯನ್ನು ಬಿಚ್ಚಿ ಸಿಡನ್‌ಹ್ಯಾಮಿನಲ್ಲಿ ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಶುರುವಾಯಿತು. ಫಿಲಿಪ್ ಡೆಲಮಾಟ್ ಅದರ ಬೆಳವಣಿಗೆಯನ್ನು ಹಂತ ಹಂತವಾಗಿ ಹಿಡಿದಿಟ್ಟ. ಕಂಬ ನೆಟ್ಟದ್ದು, ಕಮಾನು ಏರಿದ್ದು, ಸಾರುವೆ ಬಿಚ್ಚಿದ್ದು, ಎಲ್ಲವೂ ಅದರಲ್ಲಿದೆ. ಎಂಜಿನಿಯರುಗಳಿಗೆ ಇದರ ಬೆಲೆ ಕೂಡಲೇ ತಿಳಿಯಿತು. ಸಾವಿರ ಮೈಲಿ ಆಚೆಯ ಕೆಲಸ ಎಲ್ಲಿಗೆ ಬಂದಿದೆ, ಮೇಸ್ತ್ರಿಯ ವರದಿ ಸರಿಯೋ ಅಲ್ಲವೋ, ಅಡಿಪಾಯ ನೀರಿಗೆ ಎಷ್ಟು ಆಳ ಇಳಿದಿದೆ ಎಂದು ಕಚೇರಿಯಲ್ಲಿ ಕುಳಿತು ನೋಡಬಹುದಾಯಿತು. ನಕ್ಷೆ ಮುಂದೆ ಆಗಬೇಕಾದ್ದನ್ನು ತೋರಿಸುತ್ತದೆ. ಈ ಚಿತ್ರ ಅಂದಿನ ದಿನಕ್ಕೆ ಆಗಿರುವುದನ್ನು ತೋರಿಸುತ್ತದೆ. ಕೆಲಸ ಮುಗಿದಮೇಲೆ ಎಂದೆಂದಿಗೂ ಮುಚ್ಚಿಹೋಗುವ ಭಾಗ, ಅಂದರೆ ಪಾಯ, ಒಳಗಿನ ಕಲ್ಲು, ತೊಲೆಯ ಜೋಡಣೆ, ಇವುಗಳನ್ನು ಮತ್ತೆ ನೋಡಲು ಅದೊಂದೇ ಕಿಟಕಿ.

ನಮ್ಮ ದೇಶದಲ್ಲೂ ಇದು ಆಯಿತು. ಮುಂಬಯಿಯಿಂದ ಪುಣೆಯ ಕಡೆಗೆ ರೈಲು ಏರುವ ಬೋರ್ ಘಾಟಿಯ ಕಾಮಗಾರಿ 1856ರಲ್ಲಿ ಆರಂಭವಾಗಿ 1863ರಲ್ಲಿ ಮುಗಿಯಿತು. 25 ಸುರಂಗಗಳು, 8 ಎತ್ತರದ ಕಮಾನು ಸೇತುವೆಗಳು. ಕೆಲಸ ಜೋರಾಗಿದ್ದಾಗ 40 ಸಾವಿರಕ್ಕೂ ಮಿಕ್ಕಿ ಜನ ಘಾಟಿಯಲ್ಲಿದ್ದರು. 1859ರಲ್ಲಿ ಕಂಟ್ರಾಕ್ಟು ಹಿಡಿದು ಬಂದ ಸಾಲೊಮನ್ ಟ್ರೆಡ್‌ವೆಲ್ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಆತನ ಹೆಂಡತಿ ಆಲಿಸ್ ಊರಿಗೆ ಮರಳದೆ ಕಂಟ್ರಾಕ್ಟನ್ನು ತಾನೇ ವಹಿಸಿಕೊಂಡು, ಎಂಜಿನಿಯರುಗಳನ್ನು ನೇಮಿಸಿ ಕೆಲಸ ಮುಂದುವರಿಸಿದಳು. ಆ ಘಾಟಿಯ ಕಾಮಗಾರಿಯ ಛಾಯಾಚಿತ್ರಗಳ ಆಲ್ಬಮ್ ಆಕೆಯ ಹೆಸರಿನಲ್ಲೇ ಉಳಿದಿದೆ. ಗಂಡಸರದೇ ಎಂದು ಎಲ್ಲರೂ ತಿಳಿದ ಎರಡು ವಿದ್ಯೆಗಳಲ್ಲಿ, ಗುತ್ತಿಗೆಯಲ್ಲೂ ಛಾಯಾಗ್ರಹಣದಲ್ಲೂ, ಒಬ್ಬ ವಿಧವೆಯ ಹೆಸರು ನಿಂತಿರುವುದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹೆಣ್ಣುಮಕ್ಕಳಿಗೆ ಹೇಳಬೇಕು.

ನಮ್ಮ ಗುಡಿಗಳಲ್ಲಿ ಶುರುಮಾಡಿದ ಟ್ರೈಪ್ ಕೂಡ 1858ರಲ್ಲಿ ಮಧುರೆಗೆ ಹೋದಾಗ ಮೀನಾಕ್ಷಿ ಗುಡಿಯ ಜೊತೆಗೆ ವೈಗೈ ನದಿಯ ದಾಟುದಾರಿಯನ್ನೂ ಚಿತ್ರಕ್ಕಿಳಿಸಿದ. ನೀರಿಲ್ಲದ ಮರಳು, ಅದರ ನಡುವೆ ಬಾಗಿ ಸಾಗುವ ಕಲ್ಲಿನ ಏರಿ. ಆತನ ಒಳ್ಳೆಯ ಚಿತ್ರಗಳಲ್ಲಿ ಅದೂ ಒಂದೆಂದು ನನ್ನ ಎಣಿಕೆ. ಗೋಪುರವನ್ನು ನೋಡುವ ಗೌರವದಿಂದಲೇ ಆ ದಾರಿಯನ್ನೂ ನೋಡಿದ್ದಾನೆ. ಮರುವರ್ಷ ಮದರಾಸಿನ ಹೊಸ ಗವರ್ನರ್ ಟ್ರೆವೆಲಿಯನ್ ಇದೆಲ್ಲ ದುಂದು ಎಂದು ಕೆಲಸ ನಿಲ್ಲಿಸಿಬಿಟ್ಟ. ಸರ್ಕಾರದ ಛಾಯಾಗ್ರಾಹಕನ ಹುದ್ದೆ ಮೂರು ವರ್ಷವೂ ನೆಮ್ಮದಿಯಾಗಿ ನಡೆಯಲಿಲ್ಲ. ಇತಿಹಾಸಕ್ಕೆ ಹಣ ಮಂಜೂರು ಮಾಡಿಸುವ ಕಷ್ಟ ಇವತ್ತಿನದಲ್ಲ.

ಈಗ ಹೇಮಾವತಿಗೆ ಬರೋಣ.

ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ, ಓಕ್ಲಿ ಹಳೇಬೀಡಿನಲ್ಲಿ ಕ್ಯಾಮೆರಾ ನಿಲ್ಲಿಸಿದ ವರ್ಷವೇ. ಅದಕ್ಕೂ ಮೊದಲೇ ಸಕಲೇಶಪುರದ ಸುತ್ತಿನ ಮಂಜರಾಬಾದಿನ ಕಾಡಿನಲ್ಲಿ ಕಾಫಿ ತೋಟಗಳು ಎದ್ದಿದ್ದವು; ಆ ಸೀಮೆಯ ಮೊದಲ ಯೂರೋಪಿಯನ್ ತೋಟಗಾರ ಗ್ರೀನ್ ದಕ್ಷಿಣ ಮಂಜರಾಬಾದಿನಲ್ಲಿ ತೋಟ ಹಾಕಿದ್ದು 1843ರಲ್ಲಿ. ಕಾಫಿ ಮೂಟೆ ಘಟ್ಟ ಇಳಿದು ಮಂಗಳೂರಿನ ಬಂದರು ಸೇರಬೇಕು. ನಡುವೆ ಹೇಮಾವತಿ. ಮಳೆಗಾಲದಲ್ಲಿ ಈ ಹೊಳೆ ಹೇಗೆ ಬರುತ್ತದೆಂದು ಸಕಲೇಶಪುರದವರಿಗೆ, ಹೊಳೆನರಸೀಪುರದವರಿಗೆ ನಾನು ಹೇಳಬೇಕಾಗಿಲ್ಲ. ಹರಿಗೋಲಿನವನು ಒಪ್ಪಿದರೆ ದಾಟಬಹುದು, ಇಲ್ಲದಿದ್ದರೆ ಗಾಡಿ ಬಿಚ್ಚಿ ದಡದಲ್ಲೇ ಕಾಯಬೇಕು. ಸಕಲೇಶಪುರದಲ್ಲಿ ಹೇಮಾವತಿಗೆ ಕಬ್ಬಿಣದ ತೊಲೆಗಳ ಸೇತುವೆ ಬಂದದ್ದು ಮಲೆನಾಡಿನ ಬದುಕನ್ನೇ ತಿರುಗಿಸಿದ ಸಂಗತಿ. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆಗಿನ್ನೂ ಅರ್ಧ ಶತಮಾನ ದೂರವಿತ್ತು, ತೊಲೆಗಳನ್ನು ಹೊರಗಿನಿಂದಲೇ ತರಿಸಬೇಕು. ಹೊಳೆ ತಗ್ಗಿದ ಮೇಲೆ, ಸಂಕ್ರಾಂತಿಯಿಂದ ಮುಂಗಾರಿನ ಮುಂಚಿನವರೆಗೆ ಸಿಗುವ ನಾಲ್ಕೈದು ತಿಂಗಳಲ್ಲಿ ನೀರೊಳಗಿನ ಪಾಯದ ಕೆಲಸ ಮುಗಿಸಬೇಕು. ಜೂನ್ ತಿಂಗಳ ಮೊದಲ ಪ್ರವಾಹಕ್ಕೆ ಸಾರುವೆ ಸಿಕ್ಕರೆ ಇಡೀ ಬೇಸಗೆಯ ಕೂಲಿ ನೀರುಪಾಲು. ನದಿಗೆ ಪಾಯ ಹಾಕಿದ ಎಲ್ಲರೂ ಈ ಲೆಕ್ಕದಲ್ಲೇ ದುಡಿದರು, ಇವತ್ತೂ ಹಾಗೇ ದುಡಿಯುತ್ತಾರೆ.

ಸಂಸ್ಥಾನದ ಇನ್ನೊಂದು ತುದಿಯಲ್ಲಿ, ಹರಿಹರದಲ್ಲಿ, ತುಂಗಭದ್ರೆಗೆ ಕಟ್ಟಿದ ಸೇತುವೆ 1868ರಲ್ಲಿ ಮುಗಿಯಿತು. ಕಲ್ಲು ಇಟ್ಟಿಗೆಯದು, ಒಂದೊಂದೂ 60 ಅಡಿ ಅಗಲದ 14 ಕಮಾನುಗಳು, ವೆಚ್ಚ ಹೆಚ್ಚುಕಡಿಮೆ 3 ಲಕ್ಷ ರೂಪಾಯಿ. ಇಷ್ಟನ್ನು ಹಳೆಯ ಗೆಜೆಟಿಯರುಗಳು ಅಚ್ಚುಕಟ್ಟಾಗಿ ದಾಖಲಿಸಿವೆ. ಕಮಾನಿನ ಅಗಲ ಗೊತ್ತು, ವೆಚ್ಚ ಗೊತ್ತು, ವರ್ಷ ಗೊತ್ತು. ಗಾರೆ ಅರೆದವರು, ಮಣ್ಣು ಹೊತ್ತ ಹೆಂಗಸರು, ಕಮಾನಿನ ಕೀಲುಗಲ್ಲು ಕೂರಿಸಿದ ಕಲ್ಲುಕೆಲಸದವರು ಆ ಸಾಲುಗಳಲ್ಲಿ ಇಲ್ಲ. ಬರಹ ಕೈಬಿಟ್ಟದ್ದನ್ನು ಹಿಡಿದಿಡಲು ಒದಗಬಹುದಾಗಿದ್ದ ಸಾಧನ ಕ್ಯಾಮೆರಾ ಒಂದೇ. ಅದೂ ನಮ್ಮ ಕಡೆ ಬಂದಾಗ ಹೊಯ್ಸಳರ ಕಲ್ಲನ್ನು ನೋಡಿತೇ ಹೊರತು, ಪಕ್ಕದಲ್ಲೇ ಹೊಸದಾಗಿ ಕಲ್ಲು ಕಡೆಯುತ್ತಿದ್ದ ಕೈಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಈ ದೇಶ ಹಿಂದೆ ದೊಡ್ಡದಾಗಿತ್ತು ಎಂಬ ನಂಬಿಕೆ ಆ ಛಾಯಾಗ್ರಾಹಕರಿಗಿತ್ತು. ಮುಂದಿನದನ್ನೆಲ್ಲ ತಾವೇ ಕಟ್ಟುತ್ತಿದ್ದೇವೆ ಎಂಬ ನಂಬಿಕೆಯೂ ಇತ್ತು. ಏಳುನೂರು ವರ್ಷದ ಹಿಂದಿನ ಶಿಲ್ಪಿಯ ಕೈಚಳಕಕ್ಕೆ ಕೊಟ್ಟ ಗಮನವನ್ನು ಎದುರಿಗೆ ನಿಂತ ಮೇಸ್ತ್ರಿಗೆ ಕೊಡದೆ ಹೋದದ್ದು ಆ ಕಾಲದ ದೊಡ್ಡ ಕುರುಡು ಎಂದು ನಾನು ಹೇಳುತ್ತೇನೆ.

ಹಾಗೆಂದು ಅವರು ಮಾಡಿದ್ದನ್ನು ಕಡೆಗಣಿಸುವ ಮನಸ್ಸು ನನಗಿಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರಕ್ಕಾಗಿ ಸಂಸ್ಥಾನದ ಸುಮಾರು 150 ಶಾಸನಗಳ ಛಾಯಾಚಿತ್ರ ತೆಗೆದ. ಬಿ. ಎಲ್. ರೈಸ್ ಅವರು ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಓದಿ, ಅನುವಾದಿಸಿ, 1879ರಲ್ಲಿ ಮೈಸೂರು ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಮಹಾಕಾರ್ಯದ ಮೊದಲ ಮೆಟ್ಟಿಲು ಒಂದು ಛಾಯಾಚಿತ್ರದ ಕಟ್ಟು. ಕನ್ನಡ ನಾಡಿನ ಚರಿತ್ರೆ ಬರೆಯಲು ಕ್ಯಾಮೆರಾ ಒದಗಿದ್ದು ಹೀಗೆ.

ಚನ್ನರಾಯಪಟ್ಟಣದವರಿಗೆ ಸಂಬಂಧಪಟ್ಟ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು ಪ್ರವಾಸಿ ಬುಕನನ್ 70 ಅಡಿ 3 ಅಂಗುಲ ಎಂದು ಬರೆದಿದ್ದ. ಸೇನಾಧಿಕಾರಿ ವೆಲ್ಲೆಸ್ಲಿಯ ಪ್ರಕಾರ 60 ಅಡಿ 3 ಅಂಗುಲ. ಇಬ್ಬರ ನಡುವೆ ಹತ್ತು ಅಡಿ ವ್ಯತ್ಯಾಸ. ಚೀಫ್ ಕಮಿಷನರ್ ಬೌರಿಂಗ್ ಅಳತೆ ಮಾಡಿಸಿದಾಗ 57 ಅಡಿ ಬಂತು. 1871ರ ಮಹಾಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದಾಗ ಮೈಸೂರು ಸರ್ಕಾರದ ಅಧಿಕಾರಿಗಳು ಅದನ್ನೇರಿ ವಿಗ್ರಹದ ಒಂದೊಂದು ಅಂಗವನ್ನೂ ಅಳೆದು ಬರೆದುಕೊಂಡರು. ಹಾಲು, ಅರಿಸಿನದ ಅಭಿಷೇಕಕ್ಕಾಗಿ ಎದ್ದ ಅಟ್ಟಣಿಗೆ, ಅಳತೆಪಟ್ಟಿಯವರಿಗೂ ಒದಗಿತು. ಆ ವರ್ಷ ಬೆಟ್ಟದ ಮೇಲೆ ಭಕ್ತಿಯೂ ಎಂಜಿನಿಯರಿಂಗೂ ಒಂದೇ ಮರದ ಹಲಗೆಯ ಮೇಲೆ ನಿಂತಿದ್ದವು. ಅಷ್ಟು ಎತ್ತರಕ್ಕೆ ಕಂಬ ನೆಟ್ಟು, ಹಗ್ಗ ಬಿಗಿದು, ಸಾವಿರಾರು ಜನರ ಭಾರ ತಡೆಯುವಂತೆ ಅಟ್ಟಣಿಗೆ ಕಟ್ಟುವ ಕುಶಲತೆ ಪ್ರತಿ ಮಸ್ತಕಾಭಿಷೇಕದಲ್ಲೂ ಮೇಲೇಳುತ್ತದೆ, ಉತ್ಸವ ಮುಗಿದ ಮೇಲೆ ಬಿಚ್ಚಿಹೋಗುತ್ತದೆ. ವಿಗ್ರಹದ ಲಕ್ಷಾಂತರ ಚಿತ್ರಗಳಿವೆ. ಅಟ್ಟಣಿಗೆ ಏಳುತ್ತಿರುವ ಹೊತ್ತಿನ ಚಿತ್ರಕ್ಕೂ ಅಷ್ಟೇ ಆಸ್ಥೆ ಬೇಕು.

ಹಳೆಯ ಕಾಮಗಾರಿ ಚಿತ್ರಗಳನ್ನು ಓದುವ ಕ್ರಮದ ಬಗ್ಗೆ ಒಂದೆರಡು ಮಾತು. ಅವುಗಳಲ್ಲಿ ಕಂಬದ ಪಕ್ಕ, ಕಮಾನಿನ ಕೆಳಗೆ ಯಾರೋ ಒಬ್ಬ ನಿಂತಿರುತ್ತಾನೆ. ಕಟ್ಟಡದ ಗಾತ್ರ ತಿಳಿಯಲಿ ಎಂದು ಅವನನ್ನು ನಿಲ್ಲಿಸಿದ್ದು. ಅಳತೆಗೋಲಿನ ಬದಲು ಮನುಷ್ಯ. ಅವನ ಹೆಸರನ್ನು ಯಾರೂ ಬರೆದಿಡುವುದಿಲ್ಲ, ಏಕೆಂದರೆ ಅಳತೆಗೋಲಿಗೆ ಹೆಸರಿರುವುದಿಲ್ಲ. ನಾನು ಮೊದಲು ಹೇಳಿದ ನಿಮಿಷಗಟ್ಟಲೆ ಬೆಳಕಿನ ಸಂಗತಿಯನ್ನೂ ಇಲ್ಲಿಗೆ ಸೇರಿಸಿ. ಕೆಲಸ ಮಾಡುತ್ತಲೇ ಇದ್ದವನು ಚಿತ್ರದಿಂದ ಅಳಿಸಿಹೋದ. ಕೈಯಲ್ಲಿದ್ದುದನ್ನು ಬಿಟ್ಟು ಅಲ್ಲಾಡದೆ ನಿಂತವನು ಮಾತ್ರ ಉಳಿದ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಕಾಮಗಾರಿ ಚಿತ್ರಗಳು ಕೆಲಸ ನಿಲ್ಲಿಸಿದ ಹೊತ್ತಿನ ಚಿತ್ರಗಳು. ದುಡಿಮೆಯ ಚಲನೆ ಕಾಗದಕ್ಕೆ ಇಳಿಯಲು 1870ರ ದಶಕದ ಕೊನೆಯ ಚುರುಕು ಒಣಗಾಜು, ಅಂದರೆ ಲೇಪ ಒಣಗಿದ ಮೇಲೂ ಬಳಸಬಹುದಾದ ಗಾಜು, ಬರಬೇಕಾಯಿತು.

ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಆ ಮೇಲಿನದು. ಕೆಲಸದಲ್ಲಿದ್ದ ಎಂಜಿನಿಯರು ಈವ್ಲಿನ್ ಕ್ಯಾರಿ ಅದರ ಬೆಳವಣಿಗೆಯನ್ನು ವರ್ಷಗಟ್ಟಲೆ ಚಿತ್ರಿಸಿದ. 1887ರಲ್ಲಿ ಆ ಸೇತುವೆಯ ತತ್ತ್ವ ಜನಕ್ಕೆ ತಿಳಿಯಲೆಂದು ಇಬ್ಬರು ಕುರ್ಚಿಯಲ್ಲಿ ಕೈ ಚಾಚಿ ಕುಳಿತು, ನಡುವೆ ಜಪಾನಿನ ತರುಣ ಎಂಜಿನಿಯರು ಕೈಚಿ ವತನಬೆಯನ್ನು ತೂಗಿ ಕೂರಿಸಿದ ಚಿತ್ರ ಇವತ್ತಿಗೂ ಪಾಠಪುಸ್ತಕಗಳಲ್ಲಿದೆ. ನನಗೆ ಅದಕ್ಕಿಂತ ಬೇಕಾದದ್ದು ಇನ್ನೊಂದು. ಆ ಸೇತುವೆ ಕಟ್ಟುವಾಗ ಸತ್ತವರು 57 ಎಂದು ನೂರು ವರ್ಷ ಎಲ್ಲರೂ ಬರೆದರು. ಸೇತುವೆಯ ಬುಡದ ಊರಿನ ಇತಿಹಾಸಾಸಕ್ತರು ಸ್ವಯಂಪ್ರೇರಿತರಾಗಿ ಹಳೆಯ ಕಾಗದಗಳನ್ನು ಜಾಲಾಡಿ, 73 ಮಂದಿ ಎಂದು ಕಂಡುಹಿಡಿದರು. ವಿಶ್ವವಿದ್ಯಾಲಯ ಮಾಡಲಿಲ್ಲ, ಊರಿನವರು ಮಾಡಿದರು. ಸತ್ತವರಿಗಾಗಿ ಸ್ಮಾರಕವನ್ನೂ ನಿಲ್ಲಿಸಿದರು.

ನಮ್ಮ ಊರಿನವರೂ ಮಾಡಬಹುದಾದ ಕೆಲಸ ಅದು, ಮತ್ತು ನಮಗೆ ಅದರ ಹೊತ್ತು ಇನ್ನೂ ಮೀರಿಲ್ಲ. ನಮ್ಮ ಜಿಲ್ಲೆಯ ಬಹುದೊಡ್ಡ ಎರಡು ಕಾಮಗಾರಿಗಳು ಮುಗಿದದ್ದು 1979ರಲ್ಲಿ. ಗೊರೂರಿನ ಹೇಮಾವತಿ ಅಣೆಕಟ್ಟು ಒಂದು, 4692 ಮೀಟರ್ ಉದ್ದದ್ದು. ಹಾಸನ–ಮಂಗಳೂರು ರೈಲುಮಾರ್ಗ ಇನ್ನೊಂದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದಲ್ಲೇ 57 ಸುರಂಗಗಳು, 109 ಸೇತುವೆಗಳು. ಬೋರ್ ಘಾಟಿಯ ಎರಡರಷ್ಟಕ್ಕಿಂತ ಹೆಚ್ಚು ಸುರಂಗ. ಅಲ್ಲಿ ದುಡಿದವರು ಇನ್ನೂ ಇದ್ದಾರೆ. ಸುರಂಗದ ಬಾಯಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಗುಂಪಾಗಿ ತೆಗೆಸಿಕೊಂಡ ಪಟ, ಅಣೆಕಟ್ಟಿನ ತೂಬಿನ ಮುಂದೆ ಓವರ್‌ಸೀಯರರ ಜೊತೆ ನಿಂತ ಪಟ ಎಷ್ಟೋ ಮನೆಗಳ ಗೋಡೆಯ ಮೇಲಿವೆ, ಟ್ರಂಕಿನ ಅಡಿಯಲ್ಲಿವೆ. ದೊಡ್ಡ ಕಾಮಗಾರಿಗಳಲ್ಲಿ ಪ್ರಗತಿಯ ಫೋಟೊ ತೆಗೆಸಿ ಕಡತಕ್ಕೆ ಸೇರಿಸುವುದು ಇಲಾಖೆಗಳ ರೂಢಿ. ಕಡತ ವಿಲೇವಾರಿಯಾಗುವಾಗ ಆ ಫೋಟೊಗಳೂ ಹಳೆ ಪೇಪರಿನ ತಕ್ಕಡಿಗೆ ಹೋಗುತ್ತವೆ. ಹೇಮಾವತಿಯ ನೀರಿನಡಿ ಹೋದ ಊರುಗಳ ಚಿತ್ರಗಳೂ ಮನೆಗಳಲ್ಲಿವೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುವುದನ್ನು ನೋಡಲು ದೂರದಿಂದ ಜನ ಬರುತ್ತಾರೆ, ಸಾವಿರಾರು ಚಿತ್ರ ತೆಗೆಯುತ್ತಾರೆ. ಅದೇ ಚರ್ಚಿನಲ್ಲಿ ಮದುವೆಯಾದವರ ಪಟ ಅದಕ್ಕಿಂತ ನೂರು ಪಾಲು ಬೆಲೆಯುಳ್ಳದ್ದು. ಚಿತ್ರದ ಹಿಂದೆ ಊರಿದ್ದುದು ಅದರಿಂದ ತಿಳಿಯುತ್ತದೆ.

ಅದಕ್ಕೇ ಈ ಸಭೆಯ ಮುಂದೆ ಒಂದು ಕೆಲಸ ಇಡುತ್ತಿದ್ದೇನೆ. ಪ್ರತಿ ತಾಲ್ಲೂಕಿಗೆ ಒಂದು ಕಾಲೇಜು ಸಾಕು. ಅರಕಲಗೂಡಿನ ವಿದ್ಯಾರ್ಥಿಗಳು ಕಾವೇರಿಯ ಕಡೆ ನೋಡಲಿ: ಕಟ್ಟೇಪುರದ ಕೃಷ್ಣರಾಜ ಕಟ್ಟೆ, ಅದರ ನಾಲೆಗಳು, ಬೇಸಗೆಯ ದುರಸ್ತಿ. ಹೊಳೆನರಸೀಪುರದವರು ಶ್ರೀರಾಮದೇವರ ಕಟ್ಟೆಯನ್ನೂ ಹೇಮಾವತಿಯ ಸೇತುವೆಗಳನ್ನೂ ಹಿಡಿಯಲಿ. ಚನ್ನರಾಯಪಟ್ಟಣದವರಿಗೆ ಮಸ್ತಕಾಭಿಷೇಕದ ಅಟ್ಟಣಿಗೆಗಳಿವೆ, 2017ರಲ್ಲಿ ಬೆಂಗಳೂರಿಗೆ ನೇರವಾಗಿ ತೆರೆದ ರೈಲುಮಾರ್ಗವಿದೆ. ಹಾಸನದವರು ಗೊರೂರನ್ನೂ ಘಟ್ಟದ ರೈಲನ್ನೂ ವಹಿಸಿಕೊಳ್ಳಲಿ. ಊರಿನ ಹಳೆಯ ಸ್ಟುಡಿಯೋಗಳಿಗೆ ಮೊದಲು ಹೋಗಿ. ಮೊಬೈಲು ಬಂದ ಮೇಲೆ ಬಾಗಿಲು ಹಾಕಿದ ಸ್ಟುಡಿಯೋಗಳ ಅಟ್ಟದಲ್ಲಿ ನೆಗೆಟಿವ್ ಡಬ್ಬಗಳಿರುತ್ತವೆ. ಬಾಡಿಗೆ ಅಂಗಡಿ ಖಾಲಿಮಾಡುವ ದಿನ ಅವು ಕಸದ ಗಾಡಿಗೆ ಹೋಗುತ್ತವೆ.

ಪಟ ಸಿಕ್ಕಾಗ ಮಾಡಬೇಕಾದ್ದು ಸರಳ. ಮನೆಯವರಿಂದ ಕಿತ್ತುಕೊಳ್ಳಬೇಡಿ, ಅಲ್ಲೇ ಸ್ಕ್ಯಾನ್ ಮಾಡಿ, ಮೂಲವನ್ನು ಅವರಿಗೇ ಕೊಡಿ. ಆಲ್ಬಮ್ಮಿಗೆ ಅಂಟಿದ್ದನ್ನು ಎಳೆಯಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಅದರಿಂದ ಪಟ ಸಾಯುತ್ತದೆ. ಹಿಂಬದಿಯಲ್ಲಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ, ಬಾಲ್‌ಪೆನ್ನು ಮುಟ್ಟಿಸಬೇಡಿ. ಸಕಲೇಶಪುರದ ಕಡೆಯ ಮನೆಗಳಲ್ಲಿ ಮಳೆಗಾಲದ ಬೂಷ್ಟಿಗೆ ಪಟಗಳು ಹಾಳಾಗುತ್ತವೆ. ಗಾಳಿಯಾಡುವ ಕಾಗದದ ಲಕೋಟೆಯಲ್ಲಿ, ನೆಲದಿಂದ ಮೇಲೆ ಇಡಲು ಹೇಳಿ. ಇಷ್ಟೆಲ್ಲಕ್ಕಿಂತ ಮೊದಲು ಹೆಸರು ಬರೆದುಕೊಳ್ಳಿ. ಮುಂದಿನ ಸಾಲಿನ ಎಂಜಿನಿಯರುಗಳ ಹೆಸರು ಹೇಗೂ ಸಿಗುತ್ತದೆ. ಹಿಂದಿನ ಸಾಲಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ನಿಂತವರು ಯಾರು, ಬಾಂಡ್ಲಿ ಹಿಡಿದ ಹೆಂಗಸು ಯಾವ ಊರಿನವರು, ಕೂಲಿ ಎಷ್ಟಿತ್ತು, ಆ ಕೆಲಸದಲ್ಲಿ ಯಾರು ಜೀವ ಕಳೆದುಕೊಂಡರು ಎಂದು ಕೇಳಿ. ಕೆಲಸ ಮುಗಿಯುವಾಗ ಇಪ್ಪತ್ತೈದರ ಪ್ರಾಯದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಮುಖ ಗುರುತಿಸಿ ಹೆಸರು ಹೇಳಬಲ್ಲವರು ಅವರೇ.

ಸಂಗ್ರಹವಾದದ್ದರ ಒಂದು ಪ್ರತಿ ಆಯಾ ಕಾಲೇಜಿನಲ್ಲಿ, ಇನ್ನೊಂದು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಇರಲಿ. ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ಈ ಸಭಾಂಗಣದ ಗೋಡೆಗಳ ಮೇಲೆ ನಾಲ್ಕು ತಾಲ್ಲೂಕುಗಳ ಪಟಗಳನ್ನು ತೂಗುಹಾಕೋಣ, ಒಂದೊಂದರ ಕೆಳಗೂ ಅದರಲ್ಲಿರುವವರ ಹೆಸರು ಬರೆದು. ಈ ಬೇಸಗೆ ರಜೆಯಲ್ಲೇ ಶುರುಮಾಡಿ. ಇವತ್ತು ಮನೆಗೆ ಹೋದೊಡನೆ ನಿಮ್ಮ ಅಜ್ಜ ಅಜ್ಜಿಯರ ಟ್ರಂಕು ತೆರೆಸಿ ನೋಡಿ ಎಂದು ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ.